ಬಾಣಂತಿ ಮಂಚದ ಮೇಲಿನ ಅಟ್ಟ

ಅಕ್ಕ ಮೊದಲ ಹೆರಿಗೆಗೆ ತವರಿಗೆ ಬರುವ ದಿನ ಗೊತ್ತಾದ ಕೂಡಲೇ ಅಮ್ಮ ಹರಿಹರದ ನಮ್ಮ ಮನೆಯ ನಡುಕೋಣೆಯನ್ನು ಬಾಣಂತಿ ಕೋಣೆ ಮಾಡಬೇಕೆಂದು ತೀರ್ಮಾನಿಸಿದಳು. ಗಾಳಿ ನೇರವಾಗಿ ಬೀಸದ, ಬೆಚ್ಚಗಿರುವ ಕೋಣೆ ನಮ್ಮಲ್ಲಿ ಅದೊಂದೇ. ಅಲ್ಲಿ ಮಂಚ ಹಾಕಲು ಜಾಗ ಇರುವುದೂ ಒಂದೇ ಗೋಡೆಗೆ. ಆ ಮಂಚದ ನೆತ್ತಿಯ ಮೇಲಿನ ಅಟ್ಟದಲ್ಲಿ ದೊಡ್ಡಪ್ಪನ ವಿಡಿಯೋ ಗೇಮ್ ಅಂಗಡಿಯ 3 ಮಾನಿಟರ್‌ಗಳು, 2 ಬಿಡಿ ಪಿಕ್ಚರ್ ಟ್ಯೂಬ್‌ಗಳು ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಕೂತಿದ್ದವು. ಒಂದೊಂದು ಮಾನಿಟರ್ 20 ಕಿಲೋ ಹತ್ತಿರ ತೂಗುತ್ತದೆ. ನಾನು, ಅಕ್ಕ ಇಬ್ಬರೂ ಅದರ ಕೆಳಗೇ ಮಲಗಿ ಬೆಳೆದವರು. ಕೂಸು ಮಲಗಬೇಕು ಎಂದಾಗ ಮಾತ್ರ ಮನೆಯವರೆಲ್ಲ ತಲೆ ಎತ್ತಿ ನೋಡಿದರು.

"ನಾಳೆನೇ ಗುಜರಿಯವನನ್ನ ಕರೀತೀನಿ" ಎಂದಳು ಅಮ್ಮ. ದಾವಣಗೆರೆಯಿಂದ ದೊಡ್ಡಪ್ಪ ಫೋನಿನಲ್ಲಿ, "ಯಾರೂ ಮುಟ್ಟಬ್ಯಾಡ್ರಿ, ಭಾನುವಾರ ನಾನೇ ಬರ್ತೀನಿ" ಎಂದರು. ಅಪ್ಪ ಎಂದಿನಂತೆ ಇಬ್ಬರಿಗೂ "ಆಯ್ತು" ಎಂದರು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿ ಒಂದೂವರೆ ವರ್ಷದಿಂದ ಕೆಲಸ ಹುಡುಕುತ್ತಿರುವವಳು. ದಿನಾ ಬೆಳಗ್ಗೆ ಬಸ್ ಹತ್ತಿ ದಾವಣಗೆರೆಗೆ ಬ್ಯಾಂಕ್ ಪರೀಕ್ಷೆಯ ಕೋಚಿಂಗ್‌ಗೆ ಹೋಗಿಬರುತ್ತೇನೆ. "ನೀನು ಅದನ್ನೇ ಓದಿದವಳಲ್ವಾ, ಹೇಳು, ಏನ್ ಮಾಡೋದು?" ಎಂದು ಅಮ್ಮ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ, ನಾಲ್ಕು ವರ್ಷದ ಓದಿನಲ್ಲಿ ನಾನು ಒಂದೇ ಒಂದು ಪಿಕ್ಚರ್ ಟ್ಯೂಬನ್ನು ಕೈಯಲ್ಲಿ ಹಿಡಿದಿರಲಿಲ್ಲ. ಕ್ಯಾಥೋಡ್ ರೇ ಟ್ಯೂಬಿನ ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದೆ, ಅಷ್ಟೇ.

ಹಳೆಯ ಮಾನಿಟರ್ ಇಟ್ಟುಕೊಳ್ಳಬೇಕೋ ಬೇಡವೋ ಎಂಬುದು ಅವರವರ ಇಷ್ಟ. ಅದರ ಬಗ್ಗೆ ನಾನು ಯಾರಿಗೂ ಉಪದೇಶ ಮಾಡುವುದಿಲ್ಲ. ಆದರೆ ಅಟ್ಟಕ್ಕೆ ತುರುಕಿದರೆ ಜೋಪಾನ ಮಾಡಿದಂತೆ, ಗುಜರಿಗೆ ಹಾಕಿದರೆ ಪೀಡೆ ಕಳೆದಂತೆ ಎಂದು ನಾವೆಲ್ಲ ನಂಬಿದ್ದೇವಲ್ಲ, ಅವೆರಡೂ ತಪ್ಪು ಎನ್ನುವುದು ಆ ಭಾನುವಾರದ ನಂತರ ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಆ ಮಾನಿಟರ್‌ಗಳು ಎಲ್ಲಿಂದ ಬಂದವು ಎಂದು ಹೇಳಿಬಿಡುತ್ತೇನೆ. 1990ರ ದಶಕದಲ್ಲಿ ದೊಡ್ಡಪ್ಪ ದಾವಣಗೆರೆಯಲ್ಲಿ ಒಂದು ಟಾಕೀಸಿನ ಹಿಂದಿನ ಓಣಿಯಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಮರದ ಪೆಟ್ಟಿಗೆಯಂಥ 4 ಮೆಷಿನ್‌ಗಳು. ಒಂದು ರೂಪಾಯಿಗೆ ಒಂದು ಆಟ. ಆಗಿನ ಹುಡುಗರಿಗೆಲ್ಲ ಹುಚ್ಚು ಹಿಡಿಸಿದ್ದು 'ಮುಸ್ತಫಾ'. ಆ ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್', ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಬಿಡುಗಡೆ ಮಾಡಿದ್ದು. ಆದರೆ ಅದರಲ್ಲಿದ್ದ ಹಳದಿ ಟೋಪಿಯ ಮುಸ್ತಫಾ ಎಂಬ ಪಾತ್ರದ ಹೆಸರಲ್ಲೇ ನಮ್ಮ ದೇಶದ ಹುಡುಗರು ಇಡೀ ಆಟವನ್ನು ಕರೆದರು. ಹತ್ತಿ ಮಿಲ್ಲಿನ ಕಾರ್ಮಿಕರ ಮಕ್ಕಳು, ಕಾಲೇಜಿಗೆ ಚಕ್ಕರ್ ಹೊಡೆದವರು, ಬೆಣ್ಣೆದೋಸೆಗೆಂದು ಮನೆಯಲ್ಲಿ ಕೊಟ್ಟ ಕಾಸನ್ನು ಇಲ್ಲಿ ಕಳೆಯುವವರು, ಎಲ್ಲರೂ ಬರುತ್ತಿದ್ದರಂತೆ. ಹುಡುಗಿಯರು ಮಾತ್ರ ಆ ಬಾಗಿಲು ದಾಟುತ್ತಿರಲಿಲ್ಲ. ನಾನು ಒಂದನೇ ತರಗತಿಯಲ್ಲಿದ್ದಾಗ ಅಂಗಡಿ ಮುಚ್ಚಿತು. ಒಳಗೆ ಹೇಗಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡಪ್ಪ ಈಗ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. 4 ಮೆಷಿನ್‌ಗಳಲ್ಲಿ ಒಂದನ್ನು ಮಾರದೆ ತಮ್ಮ ಮನೆಯ ಪಡಸಾಲೆಯಲ್ಲಿ ಇಟ್ಟುಕೊಂಡಿದ್ದಾರೆ. ಭಾನುವಾರ ಓಣಿಯ ಮಕ್ಕಳಿಗೆ ಪುಕ್ಕಟೆ ಆಟ.

ಅಂಗಡಿಗೆ ಬಿಡಿ ಮಾನಿಟರ್ ಏಕೆ ಬೇಕಿತ್ತು ಎಂದರೆ, ಮೆಷಿನ್ ದಿನಕ್ಕೆ 12 ಗಂಟೆ ಓಡುತ್ತಿತ್ತು. ಒಂದೇ ಚಿತ್ರ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಉರಿದರೆ ಪರದೆಯ ಒಳಗಿನ ರಾಸಾಯನಿಕ ಲೇಪ ಸುಟ್ಟು, ಮೆಷಿನ್ ಆಫ್ ಮಾಡಿದರೂ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಜತೆಗೆ ನಮ್ಮೂರಿನ ಕರೆಂಟು. ವೋಲ್ಟೇಜ್ ಏರಿಳಿದು ಇ.ಎಚ್.ಟಿ. ಹೋಯಿತೆಂದರೆ ಮೆಷಿನ್ ನಿಂತಿತು. ಟೀವಿ ಮೆಕ್ಯಾನಿಕ್ ಬರುವ ತನಕ ಕಾಯುತ್ತ ಕೂತರೆ ಭಾನುವಾರದ ವ್ಯಾಪಾರ ಮುಗಿದೇಹೋಗುತ್ತಿತ್ತು. ಅದಕ್ಕೇ ಒಂದು ಸೆಟ್ ತೆಗೆದು ಇನ್ನೊಂದನ್ನು ಕೂರಿಸುವ ಏರ್ಪಾಡು. ಅಂಗಡಿ ಮುಚ್ಚಿದ ಮೇಲೆ, ಬಾಡಿಗೆ ಮನೆಯಲ್ಲಿದ್ದ ದೊಡ್ಡಪ್ಪ ಈ ಬಿಡಿ ಸಾಮಾನುಗಳನ್ನು ಹರಿಹರದ ಹಿರೀಕರ ಮನೆಗೆ ತಂದಿಟ್ಟರು. "ಆರು ತಿಂಗಳು ಇರಲಿ" ಎಂದಿದ್ದರಂತೆ.

ನನ್ನ ಗೆಳತಿಯರಿಗೆ ಈ ಕಥೆ ಹೇಳಿದರೆ ಬರುವ ಮೊದಲ ಪ್ರಶ್ನೆ, "ಮುಸ್ತಫಾ ಮೊಬೈಲಿನಲ್ಲೇ ಸಿಗುತ್ತಲ್ಲೇ, ಆ ಡಬ್ಬ ಯಾಕೆ?" ಸರಿಯಾದ ಪ್ರಶ್ನೆಯೇ. ಆಟ ಮೊಬೈಲಿನಲ್ಲಿ ಸಿಗುತ್ತದೆ, ಮೆಷಿನ್ ಸಿಗುವುದಿಲ್ಲ. ಆ ಕಾಲದ ಗೇಮ್ ಬೋರ್ಡಿನಿಂದ ಹೊರಡುವ ಸಿಗ್ನಲ್ಲನ್ನು ಇವತ್ತಿನ ಬಹುತೇಕ ಎಲ್‌ಇಡಿ ಪರದೆಗಳು ನೇರವಾಗಿ ತೆಗೆದುಕೊಳ್ಳುವುದಿಲ್ಲ. ನಡುವೆ ಕನ್ವರ್ಟರ್ ಬೇಕು, ಹಾಕಿದರೂ ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ಒಂಚೂರು ತಡ. ಬಂದೂಕು ಹಿಡಿದು ಪರದೆಗೆ ಗುರಿ ಇಡುವ ಹಳೆಯ ಆಟಗಳಂತೂ ಪಿಕ್ಚರ್ ಟ್ಯೂಬ್ ಇಲ್ಲದೆ ನಡೆಯುವುದೇ ಇಲ್ಲ. ಅಂಥ ಟ್ಯೂಬ್ ಮಾಡುವವರು ಈಗ ಉಳಿದಿಲ್ಲ. ಒಂದು ಕಾಲಕ್ಕೆ ಬೆಂಗಳೂರಿನ ಬಿಇಎಲ್ ಕಪ್ಪುಬಿಳುಪು ಟೀವಿಗೆ ಪಿಕ್ಚರ್ ಟ್ಯೂಬ್ ಮಾಡುತ್ತಿತ್ತು. ಕಲರ್ ಟ್ಯೂಬಿಗೆ ಸ್ಯಾಮ್‌ಟೆಲ್, ವಿಡಿಯೋಕಾನ್ ಇದ್ದವು. ಎಲ್ಲ ನಿಂತು ವರ್ಷಗಳಾದವು. ಆದ್ದರಿಂದ ದೊಡ್ಡಪ್ಪನ ಪಡಸಾಲೆಯ ಮೆಷಿನ್‌ಗೆ ನಮ್ಮ ಅಟ್ಟದಲ್ಲಿರುವುದೇ ಆಸರೆ. ಒಡೆದರೆ ದುಡ್ಡು ಕೊಟ್ಟು ತರುವ ವಸ್ತುವಲ್ಲ ಅದು.

ಈಗ ಅದರ ಇನ್ನೊಂದು ಮುಖ. ಪಿಕ್ಚರ್ ಟ್ಯೂಬ್ ಎಂದರೆ ಒಳಗಿನ ಗಾಳಿಯನ್ನೆಲ್ಲ ಹೀರಿ ಮುಚ್ಚಿದ ಗಾಜಿನ ಬುರುಡೆ. ಒಳಗೆ ನಿರ್ವಾತ, ಹೊರಗಿನಿಂದ ವಾತಾವರಣದ ಒತ್ತಡ. ಪ್ರತಿ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 1 ಕಿಲೋ. 20 ಇಂಚಿನ ಪರದೆಯ ವಿಸ್ತೀರ್ಣ ಲೆಕ್ಕ ಹಾಕಿದರೆ ಅದರ ಮುಖದ ಮೇಲೆಯೇ ಸುಮಾರು 1,200 ಕಿಲೋ ಭಾರ ಸದಾ ಒತ್ತುತ್ತಿರುತ್ತದೆ. ಇದನ್ನು ನಾನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಮಾಡಿ ಅಮ್ಮನಿಗೆ ತೋರಿಸಿದೆ. ತೋರಿಸಬಾರದಿತ್ತು. ಅವತ್ತು ರಾತ್ರಿ ಅವಳು ನಡುಕೋಣೆಯಲ್ಲಿ ಮಲಗಲಿಲ್ಲ.

ಹೆದರಿಸುವುದು ನನ್ನ ಉದ್ದೇಶವಲ್ಲ. ಪರದೆಯ ಕಡೆ ಗಾಜು ಬಹಳ ದಪ್ಪ. ಸುತ್ತಲೂ ಬಿಗಿದ ಲೋಹದ ಪಟ್ಟಿ ಇರುತ್ತದೆ, ಒಡೆದರೂ ಚೂರು ಸಿಡಿಯದಂತೆ ತಡೆಯಲು. ಸಿನಿಮಾದ ಬಾಂಬಿನಂತೆ ಅದು ತಾನಾಗಿ ಸ್ಫೋಟಿಸುವುದಿಲ್ಲ. ಆದರೆ ಹಿಂಬದಿಯ ಕೊರಳು ಇದೆಯಲ್ಲ, ಹೆಬ್ಬೆರಳಿಗಿಂತ ತುಸು ದಪ್ಪದ ತೆಳು ಗಾಜಿನ ನಳಿಗೆ, ಅದಕ್ಕೆ ಒಂದು ಸಣ್ಣ ಪೆಟ್ಟು ಸಾಕು. ಮತ್ತು 20 ಕಿಲೋ ವಸ್ತು ಏಳು ಅಡಿ ಎತ್ತರದಿಂದ ಮಂಚದ ಮೇಲೆ ಬಿದ್ದರೆ ನಿರ್ವಾತ, ವಾತಾವರಣ ಎಂಬ ಲೆಕ್ಕವೇ ಬೇಕಾಗುವುದಿಲ್ಲ.

ಅಟ್ಟವೇ ಏಕೆ ಕೆಟ್ಟ ಜಾಗ ಎಂದು ಕೇಳಬಹುದು. ಭಾರದ ವಸ್ತು ಎತ್ತರದಲ್ಲಿರುವುದು ಒಂದು. ಏಪ್ರಿಲ್-ಮೇನಲ್ಲಿ ನಮ್ಮೂರಿನ ಆರ್‌ಸಿಸಿ ಚಾವಣಿಯ ಕೆಳಗೆ ಕೈ ಇಟ್ಟು ನೋಡಿ, ಇನ್ನೊಂದು ಕಾರಣ ತಿಳಿಯುತ್ತದೆ. ಆ ಕಾವಿಗೆ ಬೋರ್ಡಿನ ಕೆಪಾಸಿಟರ್‌ಗಳು ಒಣಗುತ್ತವೆ, ವೈರಿನ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಇಲಿಗಳಿಗಂತೂ ಅದು ಹೇಳಿ ಮಾಡಿಸಿದ ಮನೆ. ಎಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಅಟ್ಟಕ್ಕೆ ಹಾಕಿದ್ದು ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದನ್ನು ಯಾರೂ ವಿಚಾರಿಸುವುದಿಲ್ಲ. ನಮ್ಮ ಮನೆಯಲ್ಲಿ ಮೇಲಿರುವುದು ಎಷ್ಟು, ಯಾವುದು ಸರಿಯಿದೆ, ಯಾವುದು ಕೆಟ್ಟಿದೆ ಎಂದು ದೊಡ್ಡಪ್ಪನಿಗೇ ನೆನಪಿರಲಿಲ್ಲ. "4 ಇರಬೇಕಲ್ವಾ?" ಎನ್ನುತ್ತಿದ್ದರು.

ಗುಜರಿಯ ದಾರಿ ಸುಲಭ, ಅಮ್ಮ ಹೇಳಿದ್ದು ಅದಕ್ಕೇ. ಆದರೆ ಗುಜರಿ ಗಾಡಿಯವನಿಗೆ ಬೇಕಾಗಿರುವುದು ಟ್ಯೂಬಲ್ಲ, ಅದರ ಕೊರಳಿಗೆ ಸುತ್ತಿದ ಯೋಕ್‌ನಲ್ಲಿರುವ ತಾಮ್ರ. ನಮ್ಮ ಓಣಿಯ ಕೊನೆಯಲ್ಲಿ ಹಿಂದೊಮ್ಮೆ ನಾನೇ ನೋಡಿದ್ದೆ. ಹದಿನಾಲ್ಕು ಹದಿನೈದರ ಹುಡುಗ ಚಪ್ಪಲಿಯನ್ನೂ ಹಾಕದೆ ಚರಂಡಿ ಪಕ್ಕ ಒಂದು ಹಳೆ ಟೀವಿ ಇಟ್ಟುಕೊಂಡು ಕಲ್ಲಿನಿಂದ ಕೊರಳು ಮುರಿದು ತಾಮ್ರ ಬಿಡಿಸುತ್ತಿದ್ದ. ಗಾಜನ್ನು ಅಲ್ಲೇ ಬಿಟ್ಟುಹೋದ. ಆ ಗಾಜಿನಲ್ಲಿ ಸೀಸ ಇರುತ್ತದೆ. ನೋಡುವವರ ಕಡೆಗೆ ಎಕ್ಸ್-ರೇ ಬಾರದಿರಲಿ ಎಂದು ಬೆರೆಸುವುದು. ಒಂದು ದೊಡ್ಡ ಕಲರ್ ಟ್ಯೂಬಿನಲ್ಲಿ ಒಂದು ಕಿಲೋಗೂ ಮೀರಿ ಸೀಸ ಇರಬಹುದು. ಪರದೆಯ ಒಳಮೈಯ ಪುಡಿ ಬೇರೆ. ಚರಂಡಿ ಎಲ್ಲಿಗೆ ಹೋಗುತ್ತದೆ ಎಂದು ಹರಿಹರದವರಿಗೆ ಹೇಳಬೇಕಾಗಿಲ್ಲ. ಅವತ್ತು ನಾನು ಬಸ್ಸಿಗೆ ತಡವಾಯಿತೆಂದು ನೋಡಿಯೂ ನೋಡದಂತೆ ಹೋಗಿದ್ದೆ.

ಭಾನುವಾರ ದೊಡ್ಡಪ್ಪ ಬೆಳಗ್ಗೆಯೇ ಬಂದರು. ಒಂದು ಕೈಯಲ್ಲಿ ಮಂಡಕ್ಕಿ-ಮೆಣಸಿನಕಾಯಿ ಪೊಟ್ಟಣ, ಇನ್ನೊಂದರಲ್ಲಿ ಟೂಲ್ ಚೀಲ. ಬಂದವರೇ ನನ್ನನ್ನು ನೋಡಿ, "ಏನವ್ವಾ, ದುಪಟ್ಟಾ ತೆಗೆದಿಟ್ಟು ಶೂ ಹಾಕ್ಕೊಂಡು ಬಾ. ಕನ್ನಡಕ ಇದೆಯಲ್ಲ, ಒಳ್ಳೇದಾತು" ಎಂದರು. ಅಪ್ಪ ಏಣಿ ಹಿಡಿದರು. ಮಾನಿಟರ್‌ಗಳಿಗೆ ಕಬ್ಬಿಣದ ಚೌಕಟ್ಟು ಇದ್ದುದರಿಂದ ಹಿಡಿತ ಸಿಗುತ್ತಿತ್ತು. ಪರದೆಯನ್ನು ಎದೆಗೆ ಆನಿಸಿಕೊಂಡು, ಇಬ್ಬರು ಸೇರಿ, ಒಂದೊಂದೇ ಇಳಿಸಿದೆವು. ಮೂರೂ ಸುಗಮವಾಗಿ ಇಳಿದವು. ಆಮೇಲೆ ಬಿಡಿ ಟ್ಯೂಬ್‌ಗಳು. ಅವು ಹಗುರ, ಅದೇ ನನ್ನನ್ನು ಕೆಡಿಸಿದ್ದು.

ಎರಡನೆಯದನ್ನು ತೆಗೆದುಕೊಳ್ಳುವಾಗ ದೊಡ್ಡಪ್ಪ, "ಕೆಳಗಿನಿಂದ ಹಿಡಿ, ಕೊರಳು ಮುಟ್ಟಬ್ಯಾಡ" ಎನ್ನುತ್ತಿದ್ದಂತೆಯೇ ನಾನು ಆಯ ತಪ್ಪಿ ಒಂದು ಕೈಯನ್ನು ಕೊರಳಿಗೆ ಹಾಕಿದೆ. ಅಷ್ಟೇ ಹೊತ್ತಿಗೆ ಅದು ಅಟ್ಟದ ಅಂಚಿಗೆ ತಾಗಿತು. ದೊಡ್ಡ ಸದ್ದೇನೂ ಇಲ್ಲ. ಕಡ್ಡಿ ಮುರಿದ ಹಾಗೆ ಒಂದು ಚಿಟಕ್, ಆಮೇಲೆ ಕುಕ್ಕರಿನ ಕೊನೆಯ ಉಸಿರಿನಂತೆ ಸ್ಸ್ಸ್ ಎಂದು ಕೆಲವು ಸೆಕೆಂಡು. ಇಪ್ಪತ್ತೈದು ವರ್ಷ ಹಿಡಿದಿಟ್ಟ ನಿರ್ವಾತದೊಳಗೆ ಗಾಳಿ ಹೋಯಿತು. ಟ್ಯೂಬ್ ಸತ್ತಿತು. ನನ್ನ ಕೈ ಗಡಗಡ ನಡುಗುತ್ತಿತ್ತು. ದೊಡ್ಡಪ್ಪ ಮೊದಲು ನನ್ನ ಅಂಗೈ ತಿರುಗಿಸಿ ನೋಡಿದರು, ಆಮೇಲೆ ಟ್ಯೂಬು ನೋಡಿದರು. "ಹೋತು ಬಿಡು. ನಿನ್ ಕೈಗೇನೂ ಆಗ್ಲಿಲ್ಲಲ್ಲ" ಎಂದರು. ಆಮೇಲೆ ಅರ್ಧ ಗಂಟೆ ಅವರು ಮಾತಾಡಲಿಲ್ಲ. ಅಮ್ಮ ತಂದುಕೊಟ್ಟ ಚಹಾ ಆರಿಹೋಯಿತು. ಎರಡು ಟ್ಯೂಬಿನಲ್ಲಿ ಅದೇ ಹೊಸದಂತೆ, ಒಮ್ಮೆಯೂ ಹಾಕಿರದ್ದು. ಅದನ್ನು ಅಪ್ಪ ಆಮೇಲೆ ನನಗೆ ಹೇಳಿದರು, ದೊಡ್ಡಪ್ಪ ಹೇಳಲಿಲ್ಲ.

ಯಾವುದನ್ನು ಇಟ್ಟುಕೊಳ್ಳಬೇಕು ಎಂದು ತಿಳಿಯಲು ಮಾನಿಟರ್‌ಗಳಿಗೆ ಕರೆಂಟು ಕೊಟ್ಟು ನೋಡಬೇಕಿತ್ತು. ವರ್ಷಗಟ್ಟಲೆ ಸುಮ್ಮನಿದ್ದದ್ದನ್ನು ಸೀದಾ ಪ್ಲಗ್ಗಿಗೆ ಹಾಕಬಾರದು. ದೊಡ್ಡಪ್ಪ ಚೀಲದಿಂದ ಸೀರೀಸ್ ಬೋರ್ಡ್ ತೆಗೆದರು. ಕರೆಂಟಿನ ದಾರಿಯಲ್ಲಿ 100 ವ್ಯಾಟಿನ ಹಳೆಯ ತಂತಿ ಬಲ್ಬು ಒಂದನ್ನು ಸೇರಿಸಿದ ಹಲಗೆ. ಒಳಗೆಲ್ಲೋ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿದು ಎಚ್ಚರಿಸುತ್ತದೆ, ಬೋರ್ಡು ಸುಡುವುದಿಲ್ಲ. ಸರಿಯಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. (ಈಗ ಎಲ್ಲ ಎಲ್‌ಇಡಿ ಆಗಿ ಆ ಬಲ್ಬು ಸಿಗುವುದೇ ಕಷ್ಟವಂತೆ. ದಾವಣಗೆರೆಯಲ್ಲಿ ಮೂರು ಅಂಗಡಿ ಅಲೆದು ತಂದದ್ದು.) ಜತೆಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಕೂಡ ತಂದಿದ್ದರು. ಇಂಥ ಎಷ್ಟೋ ಮಾನಿಟರ್‌ಗಳಲ್ಲಿ ಬೋರ್ಡಿನ ಲೋಹದ ಭಾಗವೇ ನೇರವಾಗಿ ಮೇನ್ ಲೈನಿಗೆ ಸೇರಿರುತ್ತದೆ. ಮುಟ್ಟಿದರೆ ಕಂಬದ ತಂತಿ ಮುಟ್ಟಿದಂತೆಯೇ. 3ರಲ್ಲಿ 2 ಜೀವ ಹಿಡಿದವು. ಮೂರನೆಯದರ ಪರದೆ ಬೆಳಗಿದರೂ ಬಣ್ಣವೆಲ್ಲ ತೊಳೆದುಹೋಗಿ, ಯಾವುದೋ ಆಟದ ಅಂಕಪಟ್ಟಿ ಗಾಜಿನ ಮೇಲೆ ಅಚ್ಚೊತ್ತಿದಂತೆ ಉಳಿದಿತ್ತು.

ಪ್ಲಗ್ ಕಿತ್ತ ಮೇಲೆ ನಾನು ಎತ್ತಿಡಲು ಹೋದೆ. "ನಿಲ್ಲು" ಎಂದರು. ಅಲ್ಲಿಂದ ಮುಂದಿನ ಹತ್ತು ನಿಮಿಷದ ಪಾಠ ನನಗೆ ಯಾವ ಲ್ಯಾಬಿನಲ್ಲೂ ಸಿಕ್ಕಿರಲಿಲ್ಲ. ಈ ಟ್ಯೂಬಿಗೆ 20ರಿಂದ 25 ಸಾವಿರ ವೋಲ್ಟ್ ಬೇಕು. ಟ್ಯೂಬಿನ ಒಳಗೂ ಹೊರಗೂ ಕಪ್ಪು ಲೇಪ, ನಡುವೆ ಗಾಜು. ಅಂದರೆ ಇಡೀ ಟ್ಯೂಬೇ ಒಂದು ಕೆಪಾಸಿಟರ್. ಪ್ಲಗ್ ಕಿತ್ತರೂ ಚಾರ್ಜ್ ಒಳಗೆ ಕೂತಿರುತ್ತದೆ. ದೊಡ್ಡಪ್ಪ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಉದ್ದನೆಯ ಸ್ಕ್ರೂಡ್ರೈವರಿಗೆ ಒಂದು ವೈರಿನ ತುದಿ ಸಿಕ್ಕಿಸಿ, ಆ ವೈರಿನ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನಿಗೆ ಜಡೆಯಂತೆ ಹಾದಿರುವ ಅರ್ತ್ ತಂತಿಗೆ ಕ್ಲಿಪ್ಪಿನಿಂದ ಕಚ್ಚಿಸಿದರು. ಆಮೇಲೆ ರಬ್ಬರ್ ಟೋಪಿಯ ಅಡಿಗೆ ಸ್ಕ್ರೂಡ್ರೈವರ್ ನಿಧಾನವಾಗಿ ತೂರಿಸಿದರು. ಟಕ್. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ. ಎರಡನೇ ಸಲವೂ ಸಣ್ಣದೊಂದು ಟಕ್ ಬಂದಾಗ ನನಗೆ ಆಶ್ಚರ್ಯ. ಗಾಜಿನಲ್ಲಿ ಅಡಗಿದ್ದ ಚಾರ್ಜ್ ಮತ್ತೆ ಮೇಲೆ ಬರುತ್ತದಂತೆ. ಜೇಬಿನಲ್ಲಿ ಕೈ ಏಕೆ ಎಂದು ಕೇಳಿದೆ. "ಎರಡು ಕೈಲಿ ಮುಟ್ಟಿದ್ರೆ ಕರೆಂಟು ಎದೆ ದಾಟಿ ಹೋಗ್ತದೆ. ಒಂದು ಕೈ ಆದ್ರೆ ಬರೀ ಕೈ ಜಾಡಿಸ್ತದೆ. ಕೈ ಜಾಡಿಸಿದಾಗ ಟ್ಯೂಬು ಕೆಳಗೆ ಬೀಳ್ತದಲ್ಲ, ನಮ್ಮ ಕಾಲದಾಗೆ ಜನಕ್ಕೆ ಪೆಟ್ಟಾಗಿದ್ದು ಹಂಗೇ" ಎಂದರು. ಬೋರ್ಡಿನ ಮೇಲಿನ ದೊಡ್ಡ ಕೆಪಾಸಿಟರಿನಲ್ಲೂ 300 ವೋಲ್ಟಿಗೂ ಮೇಲ್ಪಟ್ಟು ಉಳಿದಿರಬಹುದೆಂದು ಅದನ್ನೂ ಒಂದು ಬಲ್ಬಿನ ಮೂಲಕ ಖಾಲಿ ಮಾಡಿದರು.

ಇದನ್ನು ಓದಿ ನೀವು ಮನೆಯಲ್ಲಿ ಒಬ್ಬರೇ ಕೂತು ಹೀಗೆ ಮಾಡಲು ಹೋಗಬೇಡಿ, ದಯವಿಟ್ಟು. ನಾನು ಬಿ.ಇ. ಮುಗಿಸಿಯೂ ಅವತ್ತು ಬರೀ ನೋಡಿದೆ. ದಾವಣಗೆರೆ, ಹರಿಹರದಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಿರುವ ಎಷ್ಟೋ ಹಿರಿಯರು ಮೊದಲು ಟೀವಿ ಮೆಕ್ಯಾನಿಕ್ ಆಗಿದ್ದವರು. ಅಂಥವರೊಬ್ಬರನ್ನು ಕರೆದರೆ ಅರ್ಧ ಗಂಟೆಯ ಕೆಲಸ. ಅವರು ಇರುವಾಗಲೇ ಕಲಿತುಕೊಂಡರೆ ಇನ್ನೂ ಒಳ್ಳೆಯದು.

ಎಲ್ಲಿ ಇಡುವುದು ಎನ್ನುವುದಕ್ಕೆ ದಾರಿ ತೋರಿಸಿದ್ದು ತೀರಿಹೋದ ಅಜ್ಜ ಎನ್ನಬೇಕು. ಹರಿಹರದಲ್ಲಿ ಹಳೆಯ ಯಂತ್ರದ ಮಾತು ಬಂದರೆ ಕಿರ್ಲೋಸ್ಕರ್ ಬಾರದೆ ಇರುವುದಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ಎಲ್ಲೆಲ್ಲಿಗೋ ಹೋಗುತ್ತಿದ್ದವು. ಅಜ್ಜ ಅಲ್ಲಿ ಟರ್ನರ್. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿದೆ. ಅಜ್ಜನ ಮೈಕ್ರೋಮೀಟರ್, ವರ್ನಿಯರ್ ಮಾತ್ರ ಗ್ರೀಸ್ ಸವರಿ ಎಣ್ಣೆ ಕಾಗದದಲ್ಲಿ ಸುತ್ತಿ ದೇವರಮನೆಯ ಪಕ್ಕದ ಕಪಾಟಿನಲ್ಲಿ ಇವತ್ತಿಗೂ ಹೊಸದರಂತೆ ಇವೆ. ಪ್ರತಿ ಆಯುಧಪೂಜೆಗೆ ತೆಗೆದು, ಒರೆಸಿ, ಪೂಜೆ ಮಾಡಿ, ಮತ್ತೆ ಗ್ರೀಸ್ ಸವರಿ ಇಡುತ್ತಿದ್ದರು. ಈಗ ಅಪ್ಪ ಅದನ್ನು ಮಾಡುತ್ತಾರೆ. ಕಪಾಟಿನಲ್ಲಿರುವುದನ್ನು ವರ್ಷಕ್ಕೊಮ್ಮೆ ವಿಚಾರಿಸುವ ಮನೆಯಲ್ಲೇ ಅಟ್ಟದಲ್ಲಿರುವುದನ್ನು ಹದಿನೈದು ವರ್ಷ ಯಾರೂ ಕೇಳಲಿಲ್ಲ ಎನ್ನುವುದು ನನಗೆ ಹೊಳೆದದ್ದು ಆಗ.

ಮೆಟ್ಟಿಲ ಕೆಳಗಿನ ಜಾಗ ಖಾಲಿ ಮಾಡಿದೆವು. ಒಳಗೋಡೆ, ಬಚ್ಚಲಿನಿಂದ ದೂರ, ಮಕ್ಕಳು ಆಡುವ ದಾರಿಯಲ್ಲ. ಇನ್ವರ್ಟರ್ ಬ್ಯಾಟರಿ ಅಲ್ಲೇ ಇತ್ತು, ಅದನ್ನು ಸ್ಥಳಾಂತರಿಸಿದೆವು. ಅಪ್ಪನ ಹಳೆಯ ಸ್ಪೀಕರ್ ಡಬ್ಬಗಳನ್ನೂ ತೆಗೆದೆವು, ಅವುಗಳ ಅಯಸ್ಕಾಂತ ಪರದೆಯ ಬಣ್ಣ ಕೆಡಿಸುತ್ತದೆ. ಮಳೆಗಾಲದಲ್ಲಿ ತುಂಗಭದ್ರೆ ತುಂಬಿ ಬಂದರೆ ಹರಿಹರದ ನದಿ ದಂಡೆಯ ಮನೆಗಳಿಗೆ ನೀರು ನುಗ್ಗುವುದು ಹೊಸತೇನಲ್ಲ. ನಮ್ಮ ಓಣಿ ಎತ್ತರದಲ್ಲಿದೆ. ಆದರೂ ನೆಲಕ್ಕೇ ಇಡದೆ ಇಟ್ಟಿಗೆಯ ಮೇಲೆ ದಪ್ಪ ಹಲಗೆ ಹಾಕಿದೆವು. 2 ಮಾನಿಟರ್‌ಗಳನ್ನು ಅವುಗಳ ಚೌಕಟ್ಟಿನ ಮೇಲೆ ನಿಲ್ಲಿಸಿ, ಪಕ್ಕಪಕ್ಕ, ಒಂದರ ಮೇಲೊಂದು ಪೇರಿಸದೆ ಇಟ್ಟೆವು. ಉಳಿದ ಒಂದು ಬಿಡಿ ಟ್ಯೂಬನ್ನು ಮುಖ ಕೆಳಗೆ ಮಾಡಿ ಇಡಬೇಕು. ದಪ್ಪ ಗಾಜು ಅಲ್ಲಿರುವುದು, ಭಾರ ಅದರ ಮೇಲೇ ಬೀಳಬೇಕು. ಕೆಳಗೆ ಹಾಸಲು ಮೆತ್ತನೆಯದೇನಾದರೂ ಬೇಕಿತ್ತು. ನಾನು ಅಜ್ಜಿ ಹೊಲಿದ ಹಳೆಯ ಕೌದಿ ತಂದಾಗ ಅಮ್ಮ, "ಅದು ಕೂಸಿಗೆ!" ಎಂದು ಕಿತ್ತುಕೊಂಡಳು. ಕೊನೆಗೆ ಅಪ್ಪನ ಹರಿದ ಕಂಬಳಿ ಸಿಕ್ಕಿತು. ಟ್ಯೂಬಿನ ಕೊರಳಿಗಿಂತ ಎತ್ತರದ ರಟ್ಟಿನ ಪೆಟ್ಟಿಗೆಯನ್ನು ಸುತ್ತ ನಿಲ್ಲಿಸಿ, "ಮೇಲೆ ಏನೂ ಇಡಬೇಡಿ" ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವೆತು ತುಕ್ಕು ಹಿಡಿಯುತ್ತದೆ. ಹತ್ತಿ ಬೆಡ್‌ಶೀಟ್ ಸಾಕು, ಶೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬೋರ್ಡಿನ ಹತ್ತಿರ ಇಟ್ಟೆ. ಪ್ರತಿಯೊಂದಕ್ಕೂ ಒಂದು ಚೀಟಿ: ಯಾವ ಬೋರ್ಡಿಗೆ ಯಾವ ಟ್ಯೂಬು, ಕೊನೆಯ ಸಲ ಕರೆಂಟು ಕೊಟ್ಟ ದಿನ, ಚಾರ್ಜ್ ತೆಗೆದ ದಿನ. ಚೀಟಿ ಬರೆಯುವ ಕೆಲಸ ದೊಡ್ಡಪ್ಪನಿಗೆ ಹಿಡಿಸಿತು. ಲೆಕ್ಕ ಬರೆಯುವವರಲ್ಲವೇ.

ಮೂರನೇ ಮಾನಿಟರಿನ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ವಾದವಾಯಿತು. "ಬೋರ್ಡಿನ ಸಾಮಾನಾದ್ರೂ ಬರ್ತದೆ, ಇರಲಿ" ಎಂದು ಅವರು. ಬೋರ್ಡು ಬಿಚ್ಚಿಟ್ಟುಕೊಳ್ಳಿ, ಟ್ಯೂಬು ಹೋಗಲಿ ಎಂದು ನಾನು. ನನ್ನ ವಾದ ಇಷ್ಟೇ: ಇದು ಯಾವ ಮೆಷಿನ್‌ಗೆ, ಯಾವತ್ತು ಬೇಕಾಗುತ್ತದೆ ಎಂದು ಚೀಟಿಯಲ್ಲಿ ಬರೆಯಲು ಆಗುವುದಾದರೆ ಇಟ್ಟುಕೊಳ್ಳೋಣ. ಬರೆಯಲು ಆಗದಿದ್ದರೆ ಅದು ಬಿಡಿ ಸಾಮಾನಲ್ಲ, ನೆನಪು. ನೆನಪಿಗೆ ಒಂದು ಫೋಟೋ ಸಾಕು, ಸೀಸದ ಗಾಜು ಬೇಕಿಲ್ಲ. ಅವರು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದು ಖಾಲಿ ಚೀಟಿಯನ್ನು ನನಗೆ ವಾಪಸ್ ಕೊಟ್ಟರು. ಒಂದು ಹೊಸ ಟ್ಯೂಬನ್ನು ಒಡೆದವಳು ಇನ್ನೊಂದನ್ನು ಬಿಟ್ಟುಬಿಡಿ ಎಂದು ಹೇಳುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಾಗಲಿಕ್ಕಿಲ್ಲ.

ಬಿಟ್ಟುಬಿಡುವುದು ಎಲ್ಲಿಗೆ? ಇಲ್ಲಿ ನನ್ನ ದೂರು ಇದೆ. ನಮ್ಮ ದೇಶದಲ್ಲಿ ಇ-ತ್ಯಾಜ್ಯಕ್ಕೆ ನಿಯಮ ಇಲ್ಲವೆಂದಲ್ಲ. 2011ರಲ್ಲಿ ಮೊದಲ ನಿಯಮ ಬಂತು, 2016ರಲ್ಲಿ ಬದಲಾಯಿತು, ಈಗ ಇರುವುದು 2022ರ ನಿಯಮ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಟೀವಿಯ ಜತೆಗೆ ವಿಡಿಯೋ ಗೇಮ್‌ಗಳೂ ಅದರ ಪಟ್ಟಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೆ ಮಾತ್ರ ಕೊಡಬೇಕು. ಕಾಗದದ ಮೇಲೆ ಎಲ್ಲ ಸರಿ. ನಾನು ಒಂದು ಕಚೇರಿಗೆ ಫೋನ್ ಮಾಡಿದರೆ ಇನ್ನೊಂದು ನಂಬರ್ ಕೊಟ್ಟರು, ಆ ನಂಬರಿನವರು ಮೊದಲ ಕಚೇರಿಗೇ ಕೇಳಿ ಎಂದರು. ಮನೆ ಬಾಗಿಲಿಗೆ ಬರುವ ಕಸದ ಗಾಡಿಯವರು ಪಾಪ, "ಇದೆಲ್ಲ ನಮ್ಮದಲ್ಲ ಮೇಡಂ, ಗುಜರಿಗೆ ಹಾಕ್ರಿ" ಎಂದರು. ಅಂದರೆ ಸುತ್ತಿ ಸುತ್ತಿ ಅಮ್ಮ ಹೇಳಿದಲ್ಲಿಗೇ ಬಂದು ನಿಂತೆ. ಜನ ಟೀವಿಯನ್ನು ಚರಂಡಿ ಪಕ್ಕ ಒಡೆಯುವುದು ಬುದ್ಧಿ ಇಲ್ಲದ್ದಕ್ಕಲ್ಲ, ಬೇರೆ ಬಾಗಿಲು ಇಲ್ಲದ್ದಕ್ಕೆ. ದಾವಣಗೆರೆಯ ಮಹಾನಗರ ಪಾಲಿಕೆ, ಹರಿಹರದ ನಗರಸಭೆ ಮೂರು ತಿಂಗಳಿಗೆ ಒಂದು ದಿನ, ಯಾವುದಾದರೂ ಒಂದು ಕಾಲೇಜು ಮೈದಾನದಲ್ಲಿ, ಹಳೆಯ ಟೀವಿ, ಮಾನಿಟರ್ ತಂದುಕೊಡಿ ಎಂದು ಕರೆದರೆ ಎಷ್ಟು ಅಟ್ಟಗಳು ಖಾಲಿಯಾಗುತ್ತವೆ ಎಂದು ಯೋಚಿಸಿ. ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ಒಂದು ಲಾರಿ, ನಾಲ್ಕು ಹುಡುಗರು, ಕೈಗವಸು ಸಾಕು. ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಹುಡುಗಿಯರಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಅವರಲ್ಲಿ ಕೆಲಸ ಇಲ್ಲದವರಿಗಂತೂ ಕೊರತೆಯೇ ಇಲ್ಲ.

ಅಕ್ಕನಿಗೆ ಹೆಣ್ಣು ಕೂಸು. ನಡುಕೋಣೆಯಲ್ಲಿ ಅಜ್ಜಿಯ ಕೌದಿಯ ಮೇಲೆ ಮಲಗಿ ಖಾಲಿ ಅಟ್ಟವನ್ನೇ ನೋಡುತ್ತಿರುತ್ತದೆ. ಅಲ್ಲಿ ಈಗ ಹಗುರವಾದ ಹಾಸಿಗೆ ಚೀಲ ಮಾತ್ರ ಇದೆ. ಕೊರಳು ಮುರಿದ ಟ್ಯೂಬು, ಮೂರನೇ ಮಾನಿಟರಿನ ಟ್ಯೂಬು ಎರಡೂ ಹಿತ್ತಲ ಕೋಣೆಯಲ್ಲಿ ಗೋಣಿಚೀಲ ಹೊದ್ದು ಕಾಯುತ್ತಿವೆ. ಮೊನ್ನೆ ಕೊನೆಗೂ ಬೆಂಗಳೂರು ಕಡೆಯ ಒಬ್ಬ ನೋಂದಾಯಿತ ಮರುಬಳಕೆದಾರರು ಫೋನಿಗೆ ಸಿಕ್ಕರು. ಎರಡು ಟ್ಯೂಬಿಗಾಗಿ ಗಾಡಿ ಕಳಿಸಲು ಆಗುವುದಿಲ್ಲ, 200 ಕಿಲೋ ಸೇರಿಸಿದರೆ ಬರುತ್ತೇವೆ ಎಂದರು. ಕೋಚಿಂಗ್‌ನ ಗೆಳತಿಯರನ್ನು ಕೇಳಿದೆ. ಒಬ್ಬಳ ಮನೆಯಲ್ಲಿ ಮಂಚದ ಕೆಳಗೆ ಒಂದು ಟೀವಿ, ಇನ್ನೊಬ್ಬಳ ಮಾವನ ಸೈಬರ್ ಕೆಫೆಯಲ್ಲಿ 6 ಕಂಪ್ಯೂಟರ್ ಮಾನಿಟರ್. ಈಗ ನಮ್ಮ ಲೆಕ್ಕ 130 ಕಿಲೋಗೆ ಬಂದಿದೆ.